ದೊಡ್ಡ ಟೊಮೆಟೊಗೆ ಬೀಜ ಬಿತ್ತುವ ಮುನ್ನ: ಯಾವ ತಳಿ, ಯಾವ ಜಾಗ, ಯಾವ ಹೊತ್ತು

ಅರ್ಧ ಕಿಲೊ ತೂಗುವ ಟೊಮೆಟೊದ ಚಿತ್ರ ನೋಡಿ ಬೀಜ ಆರಿಸುವವರೇ ಹೆಚ್ಚು. ಚಿತ್ರವನ್ನು ಸ್ವಲ್ಪ ಹೊತ್ತು ಬದಿಗಿಡಿ. ನಿಮ್ಮ ತೋಟದಲ್ಲಿ ರಾತ್ರಿಗಳು ವರ್ಷದ ಯಾವ ವಾರಗಳಲ್ಲಿ ತಂಪಾಗಿರುತ್ತವೆ ಎಂಬುದನ್ನು ಮೊದಲು ಲೆಕ್ಕ ಹಾಕಿ. ದೊಡ್ಡ ಹಣ್ಣಿನ ಪಾರಂಪರಿಕ ತಳಿಗಳಲ್ಲಿ ಯಾವುದು ನಿಮಗೆ ಒಗ್ಗುತ್ತದೆ ಎಂಬುದನ್ನು ಬಣ್ಣ, ತೂಕಗಳಿಗಿಂತ ಮೊದಲು ಆ ಲೆಕ್ಕವೇ ತೀರ್ಮಾನಿಸುತ್ತದೆ.

ಕಾರಣ ಹೂವಿನಲ್ಲಿದೆ. ಹಗಲಿನ ಬಿಸಿ 32 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 21–22 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಟೊಮೆಟೊದ ಪರಾಗ ಸತ್ವ ಕಳೆದುಕೊಳ್ಳುತ್ತದೆ, ಹೂವು ತೊಟ್ಟಿನಿಂದಲೇ ಕಳಚಿ ಬೀಳುತ್ತದೆ. ರಾತ್ರಿ 13 ಡಿಗ್ರಿಗಿಂತ ಕೆಳಗೆ ಹೋದರೂ ಕಾಯಿ ಕಟ್ಟುವುದು ಕಷ್ಟ. ಚಿಕ್ಕ ಹಣ್ಣಿನ ಚೆರ್ರಿ ಟೊಮೆಟೊ ಇದನ್ನು ತಾಳಿಕೊಳ್ಳುತ್ತದೆ. ನೂರಾರು ಹೂಗಳಲ್ಲಿ ಎರಡು ಗೊಂಚಲು ಉದುರಿದರೆ ಗೊತ್ತೂ ಆಗುವುದಿಲ್ಲ. ದೊಡ್ಡ ತಳಿಯ ಗಿಡ ಇಡೀ ಋತುವಿಗೆ ಕೊಡುವುದೇ ಹದಿನೈದು–ಇಪ್ಪತ್ತು ಒಳ್ಳೆಯ ಹಣ್ಣು. ಎರಡು ಗೊಂಚಲು ಹೋದರೆ ಫಸಲಿನ ಕಾಲು ಭಾಗವೇ ಹೋದಂತೆ. ಮೇಲಾಗಿ, ಹೂವು ಕಾಯಾಗಿ ಹಣ್ಣಾಗಲು ದೊಡ್ಡ ತಳಿಗೆ ಆರರಿಂದ ಎಂಟು ವಾರ ಬೇಕು. ಆ ಇಡೀ ಅವಧಿಯಲ್ಲಿ ಗಿಡ ರೋಗ, ಮಳೆ, ಬಿಸಿಲುಗಳನ್ನು ಎದುರಿಸಿ ನಿಂತಿರಬೇಕು.

ಬೀಜದ ಪೊಟ್ಟಣದ ಮೇಲೆ 80 ದಿನ, 90 ದಿನ ಎಂದು ಬರೆದಿರುತ್ತದೆ. ಅದು ಬಿತ್ತಿದ ದಿನದಿಂದ ಎಣಿಸಿದ್ದಲ್ಲ, ಸಸಿಯನ್ನು ನೆಲಕ್ಕೆ ನೆಟ್ಟ ದಿನದಿಂದ ಎಣಿಸಿದ್ದು. ಅದರ ಹಿಂದೆ ಆರರಿಂದ ಎಂಟು ವಾರ ಸಸಿಯ ಕಾಲ ಸೇರಿಸಿ. ಅಂದರೆ 85 ದಿನದ ತಳಿಗೆ ಬೀಜದಿಂದ ಮೊದಲ ಹಣ್ಣಿನವರೆಗೆ ಸುಮಾರು ನಾಲ್ಕೂವರೆ ತಿಂಗಳು. ಈಗ ಹಿಂದಿನಿಂದ ಲೆಕ್ಕ ಹಾಕಿ: ನಿಮ್ಮಲ್ಲಿ ರಾತ್ರಿಗಳು 13ರಿಂದ 21 ಡಿಗ್ರಿಯ ನಡುವೆ ಇರುವ ವಾರಗಳು ಯಾವುವು? ಗಿಡ ಆ ವಾರಗಳಲ್ಲಿ ಹೂ ಬಿಡುವಂತೆ ಬಿತ್ತನೆಯ ದಿನ ಗೊತ್ತುಮಾಡಿ. ಹಿಮ ಬೀಳುವ ಊರಿನಲ್ಲಿ ಕೊನೆಯ ಹಿಮದ ನಂತರ ನಾಟಿ ಮಾಡುತ್ತಾರೆ. ಬೇಸಿಗೆ ಕಡುವಾಗಿರುವಲ್ಲಿ ಮಳೆ ಮುಗಿಯುತ್ತ ಬಂದಾಗ ಬಿತ್ತಿ ಚಳಿಗಾಲದ ಹೂವನ್ನು ನಂಬುವುದು ಸರಿ. ಲೆಕ್ಕ ಒಂದೇ, ತಿಂಗಳು ಬೇರೆ.

ಹೈಬ್ರಿಡ್ ಬೇಡವೇ?

ಇದನ್ನು ಮೊದಲೇ ಪ್ರಾಮಾಣಿಕವಾಗಿ ಹೇಳಿಬಿಡಬೇಕು. ಇಳುವರಿಯೇ ಮುಖ್ಯವಾದರೆ, ನಿಮ್ಮ ಮಣ್ಣಿನಲ್ಲಿ ಸೊರಗು ರೋಗವೋ ಬೇರುಗಂಟು ಜಂತುಹುಳುವೋ ಈಗಾಗಲೇ ಇದ್ದರೆ, ಹೈಬ್ರಿಡ್ ಆರಿಸಿ. ಅನೇಕ ಹೈಬ್ರಿಡ್ ತಳಿಗಳಲ್ಲಿ ಸೊರಗು ರೋಗ ತರುವ ವರ್ಟಿಸಿಲಿಯಂ, ಫ್ಯುಸೇರಿಯಂ ಶಿಲೀಂಧ್ರಗಳಿಗೂ ಬೇರುಗಂಟು ಜಂತುಹುಳುಗಳಿಗೂ (ನೆಮಟೋಡ್) ನಿರೋಧ ಇರುತ್ತದೆ, ಪೊಟ್ಟಣದ ಮೇಲಿನ ವಿ, ಎಫ್, ಎನ್ ಅಕ್ಷರಗಳು ಅದನ್ನೇ ಹೇಳುತ್ತವೆ. ಪಾರಂಪರಿಕ ತಳಿಗಳಲ್ಲಿ ಈ ರಕ್ಷಣೆ ಬಹುಮಟ್ಟಿಗೆ ಇಲ್ಲ.

ಹಾಗಿದ್ದರೂ ನಾನು ಪಾರಂಪರಿಕ ತಳಿಗಳ ಪಕ್ಷ, ಮೊದಲ ಕಾರಣ ರುಚಿ. ಅಂಗಡಿಯ ಟೊಮೆಟೊ ಮೇಲಿಂದ ಕೆಳಗಿನವರೆಗೆ ಒಂದೇ ಸಮನಾಗಿ ಕೆಂಪಾಗುತ್ತದೆ. ಹಳೆಯ ತಳಿಗಳಲ್ಲಿ ಹಣ್ಣು ಮಾಗುವ ಮುನ್ನ ತೊಟ್ಟಿನ ಸುತ್ತ ಗಾಢ ಹಸಿರು ಹೆಗಲು ಕಾಣುತ್ತದೆ. ಒಂದೇ ಸಮನಾಗಿ ಮಾಗುವ ಗುಣವನ್ನು ತಳಿಗಾರರು ದಶಕಗಳ ಕಾಲ ಬೇಕೆಂದೇ ಆರಿಸಿದರು. ಆ ಗುಣದೊಂದಿಗೆ ಕಾಯಿಯಲ್ಲಿ ಹಸಿರುಕಣಗಳನ್ನು ಬೆಳೆಸುವ ಒಂದು ಜೀನ್ ಕೆಟ್ಟುಹೋಗಿತ್ತೆಂದೂ, ಹಾಗಾಗಿ ಹಣ್ಣಿನ ಸಕ್ಕರೆ ಕಡಿಮೆಯಾಗುತ್ತದೆಂದೂ 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಮಾರುಕಟ್ಟೆಯ ನೋಟಕ್ಕೆ ಕುಂದಾಗಿದ್ದ ಹಸಿರು ಹೆಗಲೇ ಸವಿಯ ಒಂದು ಮೂಲವಾಗಿತ್ತು. ಎರಡನೆಯ ಕಾರಣ ಬೀಜ: ಪಾರಂಪರಿಕ ತಳಿಯ ಬೀಜ ಉಳಿಸಿದರೆ ಮರುವರ್ಷ ಅದೇ ಹಣ್ಣು ಬರುತ್ತದೆ. ಹೈಬ್ರಿಡ್‌ನ ಬೀಜ ಹಾಕಿದರೆ ಗುಣಗಳು ಚೆದುರಿ, ಒಂದೊಂದು ಗಿಡ ಒಂದೊಂದು ಥರ ಬರುತ್ತದೆ.

ಮೂರು ದೊಡ್ಡ ಹೆಸರುಗಳು

ದೊಡ್ಡ ಟೊಮೆಟೊ ಎಂದಾಗ ಮಾತು ಬಂದು ನಿಲ್ಲುವುದು ಬ್ರ್ಯಾಂಡಿವೈನ್, ಚೆರೋಕಿ ಪರ್ಪಲ್, ಮಾರ್ಟ್‌ಗೇಜ್ ಲಿಫ್ಟರ್ ಎಂಬ ಮೂರು ಅಮೆರಿಕನ್ ತಳಿಗಳ ಸುತ್ತ. ಮೂರೂ ಎತ್ತರಕ್ಕೆ ಬೆಳೆಯುತ್ತಲೇ ಹೋಗುವ ಬಳ್ಳಿಗಿಡಗಳು. ಮೂರರ ಸ್ವಭಾವ ಮಾತ್ರ ಬೇರೆ ಬೇರೆ.

ಬ್ರ್ಯಾಂಡಿವೈನ್ ರುಚಿಯಲ್ಲಿ ದೊಡ್ಡದು. ಗುಲಾಬಿ ಬಣ್ಣದ ಹಣ್ಣು, ತೆಳುವಾದ ಸಿಪ್ಪೆ, ಒಳಗೆ ನೀರಿಗಿಂತ ತಿರುಳೇ ಹೆಚ್ಚು, ಸಿಹಿ ಹುಳಿಗಳೆರಡೂ ಗಾಢ. ಸುಮಾರು 90 ದಿನ ತೆಗೆದುಕೊಳ್ಳುತ್ತದೆ. ಕಾಯಿ ಕಟ್ಟುವುದರಲ್ಲಿ ಇದರಷ್ಟು ಜಿಪುಣ ತಳಿ ಇನ್ನೊಂದಿಲ್ಲ. ಸ್ವಲ್ಪ ಸೆಕೆಯಾದರೂ ಹೂ ಉದುರಿಸುತ್ತದೆ. ತಂಪು ರಾತ್ರಿಗಳು ಎಂಟು–ಹತ್ತು ವಾರ ಖಚಿತವಾಗಿ ಸಿಗುವಲ್ಲಿ ಮಾತ್ರ ಇದನ್ನು ಮುಖ್ಯ ಬೆಳೆಯಾಗಿ ಆರಿಸಿ. ಇದರ ಹೆಸರಿನಲ್ಲಿ ಹಲವು ಬೀಜಗಳು ಓಡಾಡುತ್ತವೆ. ಓಹಾಯೋದ ಬೆನ್ ಕ್ವಿಸೆನ್‌ಬೆರಿ ಎಂಬವರಿಗೆ ಡೋರಿಸ್ ಸಡತ್ ಹಿಲ್ ಅವರ ಮನೆತನದಿಂದ ಬಂದ ಸಡತ್ ಶಾಖೆಯದೇ ಹೆಚ್ಚು ಗೌರವ. ಅಸಲಿ ಗುಲಾಬಿ ಬ್ರ್ಯಾಂಡಿವೈನ್‌ಗೆ ಆಲೂಗಡ್ಡೆ ಗಿಡದಂತೆ ಅಂಚು ನಯವಾದ ಅಗಲ ಎಲೆ ಇರುತ್ತದೆ. ಈ ಎಲೆಯ ಗುಣ ಅಪ್ರಬಲ, ಸಾಮಾನ್ಯ ಎಲೆಯದು ಪ್ರಬಲ. ಹಾಗಾಗಿ ಬಿತ್ತಿದ ಬ್ರ್ಯಾಂಡಿವೈನ್ ಬೀಜದಲ್ಲಿ ಗರಗಸದಂಥ ಅಂಚಿನ ಎಲೆಯ ಸಸಿ ಕಂಡರೆ ಅದು ಬೇರೆ ತಳಿಯ ಪರಾಗ ಬೆರೆತ ಬೀಜ, ಅಥವಾ ಬೀಜವೇ ಬೇರೆ ತಳಿಯದು. ಕೆಂಪು ಬ್ರ್ಯಾಂಡಿವೈನ್‌ಗೆ ಮಾತ್ರ ಸಾಮಾನ್ಯ ಎಲೆಯೇ ಸಹಜ. ಕುಂಡದಲ್ಲಿ ನಾಲ್ಕಾರು ಎಲೆ ಬಿಡುವ ಹೊತ್ತಿಗೇ ಇದನ್ನು ಪರೀಕ್ಷಿಸಿಬಿಡಬಹುದು, ನಾಲ್ಕು ತಿಂಗಳು ಕಾಯಬೇಕಿಲ್ಲ.

ಚೆರೋಕಿ ಪರ್ಪಲ್ ಹೆಚ್ಚು ಉದಾರಿ. ಟೆನೆಸ್ಸಿಯಿಂದ ಒಬ್ಬರು ಕಳಿಸಿದ ಹೆಸರಿಲ್ಲದ ಬೀಜವನ್ನು 1990ರಲ್ಲಿ ಬೆಳೆದು ನೋಡಿದ ಕ್ರೇಗ್ ಲೆಹುಲಿಯರ್ ಅದಕ್ಕೆ ಈ ಹೆಸರಿಟ್ಟು ಹಂಚಿದರು. ಮಾಗಿದ ಹಣ್ಣಿನ ಬಣ್ಣ ಮಾಸಲು ಕೆನ್ನೇರಳೆ, ಹೆಗಲು ಹಸಿರು. ಸಿಪ್ಪೆಯ ಹಳದಿ ಬಣ್ಣವಿಲ್ಲದ ಪಾರದರ್ಶಕತೆ ಮತ್ತು ತಿರುಳಿನಲ್ಲಿ ಹಣ್ಣಾದ ಮೇಲೂ ಉಳಿಯುವ ಪತ್ರಹರಿತ್ತು ಸೇರಿ ಆ ಬಣ್ಣ ಕಾಣುತ್ತದೆ. ಹಣ್ಣು ಮುನ್ನೂರು ಗ್ರಾಂ ಆಸುಪಾಸು, ಸುಮಾರು 80 ದಿನ. ಬ್ರ್ಯಾಂಡಿವೈನ್ ಹೂ ಚೆಲ್ಲುವ ಹವೆಯಲ್ಲೂ ಇದು ಕೆಲವು ಕಾಯಿಗಳನ್ನು ಹಿಡಿದುಕೊಳ್ಳುತ್ತದೆ. ರುಚಿಯಲ್ಲಿ ಬ್ರ್ಯಾಂಡಿವೈನ್‌ಗೆ ಸರಿಸಮ ಎನ್ನುವವರ ಗುಂಪಿನಲ್ಲಿ ನಾನೂ ಇದ್ದೇನೆ. ಇದರ ದೌರ್ಬಲ್ಯ ಬಾಳಿಕೆ: ಹಣ್ಣು ಬೇಗ ಮೆತ್ತಗಾಗುತ್ತದೆ, ತೊಟ್ಟಿನ ಸುತ್ತ ಸೀಳುತ್ತದೆ. ಕೊಯ್ದ ಎರಡು ದಿನದೊಳಗೆ ತಿನ್ನುವ ಮನೆಗೆ ಇದು ಸರಿ.

ಮಾರ್ಟ್‌ಗೇಜ್ ಲಿಫ್ಟರ್ ಮೂರರಲ್ಲಿ ದುಡಿಮೆಗಾರ. ಪಶ್ಚಿಮ ವರ್ಜೀನಿಯಾದಲ್ಲಿ ವಾಹನಗಳ ರೇಡಿಯೇಟರ್ ರಿಪೇರಿ ಮಾಡುತ್ತಿದ್ದ ಎಂ. ಸಿ. ಬೈಲ್ಸ್ 1930ರ ದಶಕದಲ್ಲಿ ದೊಡ್ಡ ಹಣ್ಣಿನ ಹಲವು ತಳಿಗಳನ್ನು ವರ್ಷದಿಂದ ವರ್ಷಕ್ಕೆ ಬೆರೆಸುತ್ತ, ಆರಿಸುತ್ತ ಇದನ್ನು ರೂಪಿಸಿದರು. ಸಸಿಗೆ ಒಂದು ಡಾಲರಿನಂತೆ ಮಾರಿ, ಮನೆಯ ಮೇಲಿದ್ದ 6,000 ಡಾಲರ್ ಅಡಮಾನ ಸಾಲವನ್ನು ಆರು ವರ್ಷಗಳಲ್ಲಿ ತೀರಿಸಿದರು. ಹೆಸರು ಬಂದದ್ದು ಹಾಗೆ. ಅರ್ಧ ಕಿಲೊದ ಆಸುಪಾಸಿನ, ಕೆಲವೊಮ್ಮೆ ಅದಕ್ಕೂ ಬಹಳ ದೊಡ್ಡದಾದ, ಬೀಜ ಕಡಿಮೆ ಇರುವ ಗುಲಾಬಿ–ಕೆಂಪು ಹಣ್ಣು. ರುಚಿ ಸೌಮ್ಯ, ಉಳಿದೆರಡರ ಗಾಢತೆ ಇಲ್ಲ. ಆದರೆ ಋತುವಿನುದ್ದಕ್ಕೂ ಸುಮಾರಾಗಿ ಕೊಡುತ್ತಲೇ ಇರುತ್ತದೆ. ಮೊದಲ ಬಾರಿ ದೊಡ್ಡ ತಳಿ ಬೆಳೆಯುವವರಿಗೆ ಕೊಡಬಹುದಾದ ಧೈರ್ಯ ಇದೇ.

ಆರು ಗಿಡಕ್ಕೆ ಜಾಗವಿದ್ದರೆ ನಾನು ಮೂರು ಚೆರೋಕಿ ಪರ್ಪಲ್, ಎರಡು ಮಾರ್ಟ್‌ಗೇಜ್ ಲಿಫ್ಟರ್, ಒಂದು ಬ್ರ್ಯಾಂಡಿವೈನ್ ಹಾಕುತ್ತೇನೆ. ಒಂದೇ ಗಿಡಕ್ಕೆ ಜಾಗವಿದ್ದರೆ ಚೆರೋಕಿ ಪರ್ಪಲ್.

ಉಳಿದವುಗಳಲ್ಲಿ ಕೆಲವು

ಋತು ಗಿಡ್ಡವಾಗಿದ್ದರೆ ಹೃದಯಾಕಾರದ ಹಣ್ಣಿನ ಅನ್ನಾ ರಷ್ಯನ್ ನೋಡಿ. ಎಲೆಗಳು ನೀಳವಾಗಿ ಜೋತುಬಿದ್ದು ಗಿಡ ಬಾಡಿದಂತೆ ಕಾಣುತ್ತದೆ. ಹೃದಯದಾಕಾರದ ತಳಿಗಳ ಸ್ವಭಾವವೇ ಹಾಗೆ, ಗಾಬರಿಯಾಗಿ ನೀರು ಸುರಿಯಬೇಡಿ. ಫ್ರಾನ್ಸಿನ ಮಾರ್ಮಾಂಡ್ ಕೂಡ ಬೇಗ ಬರುತ್ತದೆ. ಹಣ್ಣು ಪಕ್ಕೆಗಳಾಗಿ ಉಬ್ಬಿರುತ್ತದೆ, ಮಧ್ಯಮ ದೊಡ್ಡದು. ಬಿಸಿಲು ಕಡುವಾಗಿರುವಲ್ಲಿ ಅರ್ಕಾನ್ಸಾ ಟ್ರಾವೆಲರ್ ನಂಬಿಕಸ್ಥ. ಹಣ್ಣು 200 ಗ್ರಾಂ ಆಸುಪಾಸಿನದು, ದೈತ್ಯವೇನಲ್ಲ. ಆದರೆ ಹೂವೇ ನಿಲ್ಲದ ದೈತ್ಯ ತಳಿಗಿಂತ ಕಾಯಿ ಹಿಡಿಯುವ ಮಧ್ಯಮ ತಳಿ ಮೇಲು.

ಕ್ರಿಮಿಯಾದ ಬ್ಲ್ಯಾಕ್ ಕ್ರಿಮ್ ಚೆರೋಕಿ ಪರ್ಪಲ್‌ನ ಗುಂಪಿನದೇ. ಉಪ್ಪುಪ್ಪಾದ ಒಂದು ರುಚಿ ಅದರದು, ಸೀಳುವುದೂ ಸುಲಭ. ಕಿತ್ತಳೆ ಬಣ್ಣದ ಕೆಲಾಗ್ಸ್ ಬ್ರೇಕ್‌ಫಾಸ್ಟ್ ಹುಳಿ ಒಗ್ಗದವರಿಗೆ ಚೆನ್ನ. ಹಳದಿಯಲ್ಲಿ ಕೆಂಪು ಗೆರೆ ಇರುವ ಪೈನಾಪಲ್, ಬಿಗ್ ರೈನ್‌ಬೋ ತಳಿಗಳು ನೋಡಲು ಅತಿ ಸುಂದರ, ತಿನ್ನಲು ಸಿಹಿ, ಆದರೆ ತೀರ ನಿಧಾನ. ಹುಳಿ ಇಲ್ಲದ್ದರಿಂದ ನನಗೆ ಅವು ಬೇಗ ಸಾಕೆನಿಸುತ್ತವೆ. ಮಾಗಿದರೂ ಹಸಿರಾಗಿಯೇ ಇರುವ ಆಂಟ್ ರೂಬೀಸ್ ಜರ್ಮನ್ ಗ್ರೀನ್ ರುಚಿಯಲ್ಲಿ ಯಾರಿಗೂ ಕಡಿಮೆಯಲ್ಲ. ಕೊಯ್ಯುವ ಹೊತ್ತು ತಿಳಿಯಲು ಬಣ್ಣವನ್ನಲ್ಲ, ಬೆರಳ ಒತ್ತಡಕ್ಕೆ ಹಣ್ಣು ಬಗ್ಗುವುದನ್ನು ಮತ್ತು ಹೂ ತುದಿಯಲ್ಲಿ ಮೂಡುವ ನಸು ಹಳದಿ–ಗುಲಾಬಿಯನ್ನು ನೋಡಬೇಕು.

ಬೀಜ ಬಿತ್ತುವುದು

ಇಲ್ಲಿ ಆಯ್ಕೆ ಬಹಳ ಇಲ್ಲ. ನೇರ ನೆಲಕ್ಕೆ ಬಿತ್ತುವುದು ಸಣ್ಣ ತಳಿಗಳಿಗೆ ನಡೆಯುತ್ತದೆ, ಉದ್ದ ಕಾಲದ ದೊಡ್ಡ ತಳಿಗೆ ಸಲ್ಲದು. ತಟ್ಟೆಯಲ್ಲೋ ಚಿಕ್ಕ ಕುಂಡದಲ್ಲೋ, ಹಗುರವಾದ ಶುದ್ಧ ಮಿಶ್ರಣದಲ್ಲಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ. 21ರಿಂದ 27 ಡಿಗ್ರಿ ಉಷ್ಣದಲ್ಲಿ ಐದರಿಂದ ಹತ್ತು ದಿನದಲ್ಲಿ ಮೊಳಕೆ ಬರುತ್ತದೆ. ಮೊಳಕೆಗೆ ಬೆಚ್ಚಗಿರಲಿ, ಮೊಳೆತ ಮೇಲೆ ತುಸು ತಂಪೂ ತುಂಬ ಬೆಳಕೂ ಬೇಕು. ಸಸಿ ದಾರದಂತೆ ಉದ್ದವಾದರೆ ಅದು ಬೆಳಕಿನ ಕೊರತೆಯ ಲಕ್ಷಣ. ಗೊಬ್ಬರ ಕೊಟ್ಟರೆ ಅದು ಸರಿಹೋಗುವುದಿಲ್ಲ. ಕಿಟಕಿಯ ಬೆಳಕು ಮತ್ತು ದೀಪದ ಬೆಳಕಿನ ನಡುವೆ ಆರಿಸಬೇಕಾದರೆ, ಸಸಿಯ ತುದಿಗೆ ಹತ್ತಿರವಿಟ್ಟ ಸಾಧಾರಣ ಎಲ್‌ಇಡಿ ಕೊಳವೆಯೇ ಕಿಟಕಿಗಿಂತ ಉತ್ತಮ. ತೆರೆದ ಬಿಸಿಲು ಸಿಗುವಂತಿದ್ದರೆ ಅದಕ್ಕೆ ಯಾವುದೂ ಸಾಟಿಯಲ್ಲ.

ಎರಡು ಜೊತೆ ನಿಜವಾದ ಎಲೆ ಬಂದಾಗ ದೊಡ್ಡ ಕುಂಡಕ್ಕೆ ವರ್ಗಾಯಿಸಿ, ಕಾಂಡವನ್ನು ಬೀಜದೆಲೆಯವರೆಗೂ ಹೂಳಿ. ಟೊಮೆಟೊದ ಕಾಂಡ ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ನೆಲಕ್ಕೆ ನೆಡುವಾಗಲೂ ಹೀಗೆಯೇ ಮಾಡಿ. ಕಸಿ ಮಾಡಿದ ಸಸಿ ಮಾತ್ರ ಇದಕ್ಕೆ ಹೊರತು. ಅದರ ಕಸಿಗಂಟು ಮಣ್ಣಿನಿಂದ ಮೇಲೇ ಇರಬೇಕು, ಇಲ್ಲವಾದರೆ ಮೇಲಿನ ತಳಿ ಬೇರು ಬಿಟ್ಟು ಕಸಿ ವ್ಯರ್ಥವಾಗುತ್ತದೆ. ಮಣ್ಣಿನಲ್ಲಿ ರೋಗವಿದ್ದೂ ಬ್ರ್ಯಾಂಡಿವೈನ್ ಬೇಕೇ ಬೇಕೆನ್ನುವವರಿಗೆ, ನಿರೋಧವಿರುವ ಬೇರುಗಿಡದ ಮೇಲೆ ಮಾಡಿದ ಕಸಿಯೇ ಸರಿಯಾದ ದಾರಿ. ನೆಡುವ ಮುನ್ನ ಒಂದು ವಾರ–ಹತ್ತು ದಿನ ಸಸಿಗಳನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚು ಹೊತ್ತು ಹೊರಗಿಟ್ಟು ಬಿಸಿಲು, ಗಾಳಿಗೆ ಒಗ್ಗಿಸಿ.

ನೆಲವೋ ಕುಂಡವೋ

ನೆಲ ಇದ್ದರೆ ನೆಲ. ಈ ಗಿಡಗಳ ಬೇರು ವಿಸ್ತಾರವಾದದ್ದು, ಗಿಡದಿಂದ ಗಿಡಕ್ಕೆ 75ರಿಂದ 90 ಸೆಂಟಿಮೀಟರ್ ಅಂತರ ಬೇಕು. ಕುಂಡದಲ್ಲೇ ಬೆಳೆಯಬೇಕಾದರೆ 60 ಲೀಟರಿಗಿಂತ ಕಡಿಮೆ ಮಣ್ಣು ಹಿಡಿಯುವ ಕುಂಡದಲ್ಲಿ ಬ್ರ್ಯಾಂಡಿವೈನ್ ಹಾಕಬೇಡಿ. ಚಿಕ್ಕ ಕುಂಡ ಮಧ್ಯಾಹ್ನದೊಳಗೆ ಒಣಗುತ್ತದೆ. ದೊಡ್ಡ ಹಣ್ಣಿಗೆ ಅತಿ ದೊಡ್ಡ ಶತ್ರು ನೀರಿನ ಈ ಏರಿಳಿತವೇ.

ಮಾಳಿಗೆ, ಬಾಲ್ಕನಿಗಳಲ್ಲಿ ಬೆಳೆಯುವವರಿಗೆ ಇನ್ನೂ ಒಳ್ಳೆಯ ಆಯ್ಕೆಯೊಂದಿದೆ. 2000ದ ದಶಕದ ಮಧ್ಯದಲ್ಲಿ ಅದೇ ಲೆಹುಲಿಯರ್ ಮತ್ತು ಆಸ್ಟ್ರೇಲಿಯಾದ ಪ್ಯಾಟ್ರಿನಾ ನಸ್ಕೆ ಸ್ಮಾಲ್ ಹಲವು ದೇಶಗಳ ಹವ್ಯಾಸಿ ಬೆಳೆಗಾರರನ್ನು ಸೇರಿಸಿ ಕುಬ್ಜ ಟೊಮೆಟೊ ಯೋಜನೆ ಆರಂಭಿಸಿದರು. ಹಳೆಯ ಕುಬ್ಜ ತಳಿಗಳನ್ನು ದೊಡ್ಡ ಹಣ್ಣಿನ ಪಾರಂಪರಿಕ ತಳಿಗಳೊಂದಿಗೆ ಬೆರೆಸಿ, ದಪ್ಪ ಕಾಂಡದ, ಮೀಟರಿನಷ್ಟೇ ಎತ್ತರದ ಗಿಡಗಳಲ್ಲಿ ಅದೇ ರುಚಿಯನ್ನು ಹಿಡಿಯಲು ಹೊರಟರು. ಹಾಗೆ ಬಂದ ರೊಸೆಲ್ಲಾ ಪರ್ಪಲ್ ಚೆರೋಕಿ ಪರ್ಪಲ್‌ಗೆ ಬಹಳ ಹತ್ತಿರ, 20 ಲೀಟರ್ ಕುಂಡದಲ್ಲಿ ನೆಮ್ಮದಿಯಾಗಿ ಬೆಳೆಯುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ ಇದು ಪಾರಂಪರಿಕವಲ್ಲ, ಹೊಸ ತಳಿ. ಆದರೆ ಬೀಜ ಉಳಿಸಿ ಮತ್ತೆ ಬೆಳೆಯಬಹುದು, ರುಚಿಯೂ ಆ ಮನೆತನದ್ದೇ. ಜಾಗವಿಲ್ಲದವರು ದೊಡ್ಡ ಬಳ್ಳಿಯನ್ನು ಇಕ್ಕಟ್ಟಿಗೆ ತಳ್ಳುವ ಬದಲು ಇದನ್ನು ಆರಿಸುವುದು ನ್ಯಾಯ.

ಪಂಜರವೋ ದಾರವೋ

ಎಲೆ–ಕಾಂಡಗಳ ಸಂದಿಯಲ್ಲಿ ಬರುವ ಕಂಕುಳ ಚಿಗುರುಗಳನ್ನೆಲ್ಲ ಚಿವುಟಿ, ಒಂದು ಅಥವಾ ಎರಡು ಕವಲು ಉಳಿಸಿ ದಾರಕ್ಕೆ ಏರಿಸಿದರೆ ಹಣ್ಣು ಬೇಗ ಬರುತ್ತದೆ, ದೊಡ್ಡದಾಗುತ್ತದೆ, ಗಾಳಿಯಾಡಿ ಎಲೆರೋಗ ಕಡಿಮೆ. ಗಟ್ಟಿ ತಂತಿಯ ಪಂಜರದಲ್ಲಿ ಬಿಟ್ಟರೆ ಹಣ್ಣಿನ ಸಂಖ್ಯೆ ಹೆಚ್ಚು, ಎಲೆಯ ನೆರಳೂ ಹೆಚ್ಚು. ಬಿಸಿಲು ಪ್ರಖರವಾಗಿರುವಲ್ಲಿ ಆ ನೆರಳು ಬೇಕು, ಬೋಳಿಸಿದ ಗಿಡದ ಹಣ್ಣಿನ ಹೆಗಲು ಬಿಸಿಲಿಗೆ ಬೆಂದು ಬಿಳಿಚುತ್ತದೆ. ಮೋಡ, ತೇವ ಹೆಚ್ಚಿರುವಲ್ಲಿ ಅಂಗಮಾರಿ ರೋಗದ ಭಯವಿರುವುದರಿಂದ ದಾರವೇ ಸರಿ. ಎರಡರಲ್ಲೂ ನೆಲ ಮುಟ್ಟುವ ಕೆಳಗಿನ ಎಲೆಗಳನ್ನು ತೆಗೆದು, ಬುಡಕ್ಕೆ ಒಣಹುಲ್ಲಿನ ಹೊದಿಕೆ ಹಾಕಿ.

ತೂಕದ ಬೆನ್ನು ಹತ್ತುವವರಿಗೆ ಒಂದು ಮಾತು. ಕಾಡು ಟೊಮೆಟೊದಲ್ಲಿ ಹಣ್ಣಿಗೆ ಎರಡೇ ತೊಳೆ. ಸಾಕುತ್ತ ಬಂದಂತೆ ತೊಳೆಗಳ ಸಂಖ್ಯೆ ಹೆಚ್ಚಿಸುವ ಜೀನ್ ಬದಲಾವಣೆಗಳು ಸೇರಿ ದೊಡ್ಡ ಹಣ್ಣು ಬಂತು. ಋತುವಿನ ಮೊದಲಲ್ಲಿ ಹಲವು ಹೂಗಳು ಬೆಸೆದು ಒಂದಾದಂತಿರುವ ದಪ್ಪ ಹೂವು ಕಾಣಿಸುತ್ತದೆ. ದೈತ್ಯ ಹಣ್ಣು ಬರುವುದು ಅದರಿಂದಲೇ. 1986ರಲ್ಲಿ ಒಕ್ಲಹೋಮಾದ ಗಾರ್ಡನ್ ಗ್ರಹಾಂ ಡಿಲಿಷಿಯಸ್ ತಳಿಯಲ್ಲಿ 3.51 ಕಿಲೊ ತೂಕದ ಹಣ್ಣು ಬೆಳೆದು ವಿಶ್ವದಾಖಲೆ ಮಾಡಿದ್ದರು. ಅಂಥ ಹೂವನ್ನು ಉಳಿಸಿ ಗೊಂಚಲಿನ ಉಳಿದವನ್ನು ಕಿತ್ತರೆ ತೂಕ ಬರುತ್ತದೆ, ಆದರೆ ಹಣ್ಣು ಸೊಟ್ಟಗೆ, ಗಾಯದ ಕಲೆಗಳಿಂದ ಕೂಡಿರುತ್ತದೆ. ತಿನ್ನಲು ಬೆಳೆಯುವವರು ಆ ಮೊದಲ ದಪ್ಪ ಹೂವನ್ನೇ ಕಿತ್ತು, ಗೊಂಚಲಿಗೆ ಎರಡು–ಮೂರು ಚೆಂದದ ಕಾಯಿ ಬಿಡುವುದು ಒಳ್ಳೆಯದು.

ನೀರು ಮತ್ತು ಔಷಧಗಳ ಆಮಿಷ

ಕಾಯಿಯ ತುದಿ ಕಪ್ಪಾಗಿ ಕುಳಿ ಬೀಳುವುದನ್ನು ಕಂಡ ಕೂಡಲೇ ಮೊಟ್ಟೆಯ ಚಿಪ್ಪು ಹಾಕಿ, ಎಪ್ಸಂ ಉಪ್ಪು ಹಾಕಿ ಎಂಬ ಸಲಹೆಗಳು ಬರುತ್ತವೆ. ಆ ತುದಿಕೊಳೆಗೆ ಕಾರಣ ಕಾಯಿಗೆ ಕ್ಯಾಲ್ಸಿಯಂ ತಲುಪದಿರುವುದು. ಮಣ್ಣಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ, ಅದನ್ನು ಒಯ್ಯುವ ನೀರು ಒಮ್ಮೆ ಬಂದು ಒಮ್ಮೆ ನಿಂತರೆ ಕಾಯಿಯ ತುದಿಗೆ ಸಿಗುವುದಿಲ್ಲ. ಚಿಪ್ಪು ಕರಗಲು ತಿಂಗಳುಗಳು ಬೇಕು. ಎಪ್ಸಂ ಉಪ್ಪಿನಲ್ಲಿರುವುದು ಮೆಗ್ನೀಸಿಯಂ, ಅದು ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಿಯನ್ನೂ ಮಾಡಬಲ್ಲದು. ಸಮನಾದ ನೀರು ಮತ್ತು ದಪ್ಪ ಹೊದಿಕೆಗಿಂತ ಮದ್ದು ಬೇರೆಯಿಲ್ಲ. ಹಣ್ಣು ಸೀಳುವುದಕ್ಕೂ ಇದೇ ಉತ್ತರ: ಒಣಗಿದ ಗಿಡಕ್ಕೆ ಒಮ್ಮೆಲೇ ಮಳೆ ಸುರಿದಾಗ ಒಳಗಿನ ತಿರುಳು ಉಬ್ಬುತ್ತದೆ, ಸಿಪ್ಪೆ ಹಿಗ್ಗುವುದಿಲ್ಲ. ಸಾರಜನಕದ ಗೊಬ್ಬರ ಅತಿಯಾದರೆ ಗಿಡ ಎಲೆಯಲ್ಲೇ ಮುಳುಗುತ್ತದೆ, ಹೂ ತಡವಾಗುತ್ತದೆ. ಚೆನ್ನಾಗಿ ಕಳಿತ ಗೊಬ್ಬರವನ್ನು ನಾಟಿಯ ಹೊತ್ತಿಗೆ ಕೊಟ್ಟು, ಕಾಯಿ ಕಟ್ಟಿದ ಮೇಲೆ ಪೊಟ್ಯಾಷ್ ಇರುವುದನ್ನು ಕೊಡಿ.

ಗಿಡದಲ್ಲೇ ಪೂರ್ತಿ ಮಾಗಿಸಬೇಕೋ, ಬಣ್ಣ ತಿರುಗಿದಾಗ ಕೊಯ್ಯಬೇಕೋ? ಮಳೆ, ಹಕ್ಕಿ, ಸೆಕೆ ಯಾವುದೂ ಕಾಡದಿದ್ದರೆ ಗಿಡದಲ್ಲೇ ಬಿಡಿ. ಕಾಡುವುದಾದರೆ, ತುದಿಯಲ್ಲಿ ಬಣ್ಣ ಚೆನ್ನಾಗಿ ಮೂಡಿದ ಮೇಲೆ ಕೊಯ್ದು ಮನೆಯೊಳಗೆ ನೆರಳಿನಲ್ಲಿಡಿ. ಆ ಹಂತದಿಂದ ರುಚಿ ಹೆಚ್ಚೇನೂ ಕುಗ್ಗುವುದಿಲ್ಲ. 30 ಡಿಗ್ರಿ ಮೀರಿದ ಸೆಕೆಯಲ್ಲಿ ಕೆಂಪು ಬಣ್ಣದ ಲೈಕೊಪೀನ್ ಸರಿಯಾಗಿ ತಯಾರಾಗದೆ ಹಣ್ಣು ಹಳದಿ ಮಿಶ್ರಿತವಾಗಿಯೇ ಉಳಿಯುತ್ತದೆ, ಅಂಥ ದಿನಗಳಲ್ಲಿ ಒಳಗೆ ಮಾಗಿಸುವುದೇ ಮೇಲು. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಪರಿಮಳ ಹೋಗುತ್ತದೆ.

ಬೀಜ ಉಳಿಸುವಾಗ

ಟೊಮೆಟೊ ಬಹುಪಾಲು ಸ್ವಂತ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದರೆ ಆಲೂಗಡ್ಡೆ ಎಲೆಯ ಕೆಲವು ತಳಿಗಳಲ್ಲಿ ಮತ್ತು ಬೆಸೆದ ದಪ್ಪ ಹೂಗಳಲ್ಲಿ ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ತುದಿ, ಪರಾಗಕೋಶಗಳಿಂದ ಹೊರಚಾಚಿರುತ್ತದೆ. ಅಲ್ಲಿ ದುಂಬಿಗಳು ಪಕ್ಕದ ತಳಿಯ ಪರಾಗ ತರಬಲ್ಲವು. ತಳಿ ಶುದ್ಧವಾಗಿರಬೇಕಾದರೆ ಹೂ ಅರಳುವ ಮುನ್ನ ತೆಳು ಬಟ್ಟೆಯ ಚೀಲ ಕಟ್ಟಿ, ಆಗಾಗ ಗೊಂಚಲನ್ನು ಮೆಲ್ಲಗೆ ಅಲುಗಿಸಿ. ಕಾಯಿ ಕಟ್ಟಿದ ಮೇಲೆ ಚೀಲ ತೆಗೆದು ತೊಟ್ಟಿಗೆ ಗುರುತಿನ ದಾರ ಕಟ್ಟಿ. ಪೂರ್ತಿ ಮಾಗಿದ ಹಣ್ಣಿನ ಬೀಜವನ್ನು ಲೋಳೆಯ ಸಮೇತ ಎರಡು–ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ತಟ್ಟೆಯ ಮೇಲೆ ತೆಳುವಾಗಿ ಹರಡಿ ನೆರಳಿನಲ್ಲಿ ಒಣಗಿಸಿ. ಒಣ, ತಂಪು ಜಾಗದಲ್ಲಿ ನಾಲ್ಕೈದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಮೊಳಕೆಯ ಶಕ್ತಿ ಉಳಿಯುತ್ತದೆ.

ಬೀಜಕ್ಕೆ ಹಣ್ಣು ಆರಿಸುವಾಗ ಅತಿ ದೊಡ್ಡ ಹಣ್ಣಿನ ಕಡೆ ಕೈ ಹೋಗುವುದು ಸಹಜ. ಗಿಡವನ್ನು ನೋಡಿ ಆರಿಸಿ. ಬೇರೆ ಗಿಡಗಳು ಹೂ ಉದುರಿಸಿದ ವಾರದಲ್ಲೂ ಕಾಯಿ ಹಿಡಿದ, ಎಲೆ ಕೊನೆಯವರೆಗೂ ಹಸಿರಾಗಿದ್ದ ಗಿಡ ಯಾವುದೋ, ಅದರ ಎರಡನೆಯ ಅಥವಾ ಮೂರನೆಯ ಗೊಂಚಲಿನ ಹಣ್ಣಿನಿಂದ ಬೀಜ ತೆಗೆಯಿರಿ. ಪೊಟ್ಟಣದ ಮೇಲೆ ತಳಿಯ ಹೆಸರು, ವರ್ಷ ಮತ್ತು ಆ ಗಿಡ ಹೂ ಬಿಟ್ಟ ವಾರ ಬರೆದಿಡಿ. ಮುಂದಿನ ಬಿತ್ತನೆಯ ದಿನ ಗೊತ್ತುಮಾಡಲು ಆ ವಾರವೇ ಬೇಕಾಗುತ್ತದೆ.